ಆದಾಮನಿಗೆ ಹೊಕ್ಕುಳಿತ್ತೇ?

ಡಾರ್ವಿನ್ ಹೆಸರೆತ್ತಿದರೆ ಸಾಕು, ನಮ್ಮ ಸೃಷ್ಟಿವಾದಿ ಮಿತ್ರರು ಮೊದಲು ಕೇಳುವ ಪ್ರಶ್ನೆ ಇದು: ‘ಮಂಗನಿಂದ ಮನುಷ್ಯ ಬಂದಿದ್ದರೆ ಈಗಲೂ ಮಂಗಗಳು ಇರುವುದೇಕೆ?’ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕೂತು ಬಾಳೆಹಣ್ಣಿಗೆ ಕೈಯೊಡ್ಡುವ ಕಪಿಗಳನ್ನು ತೋರಿಸಿ, ವ್ಯಾಜ್ಯ ಗೆದ್ದವರಂತೆ ನಗುತ್ತಾರೆ. ಈಗಿನ ಮಂಗನೇ ಮನುಷ್ಯನ ಅಜ್ಜ ಎಂದು ವಿಕಾಸವಾದ ಹೇಳುವುದಿಲ್ಲ. ಮೂಲ ಒಂದು, ಕವಲು ಎರಡು ಎನ್ನುತ್ತದೆ, ಅಷ್ಟೆ. ಕಕ್ಕಿಂಜೆ, ನೆರಿಯದ ಕಡೆ ಕೇರಳದಿಂದ ಬಂದು ರಬ್ಬರ್ ನೆಟ್ಟವರ ಮೊಮ್ಮಕ್ಕಳು ಬೇಕಷ್ಟಿದ್ದಾರೆ. ಅಜ್ಜ ಘಟ್ಟದ ಬುಡಕ್ಕೆ ಬಂದ ಮೇಲೂ ಕೋಟ್ಟಯಂನಲ್ಲಿ ನಿಮ್ಮ ದಾಯಾದಿಗಳು ಏಕೆ ಉಳಿದಿದ್ದಾರೆ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ.

‘ಭೂಮಿಗೆ ಆರು ಸಾವಿರ ವರ್ಷ, ಬೈಬಲ್ಲೇ ಹೇಳಿದೆ.’ ಯಾವ ಅಧ್ಯಾಯ, ಎಷ್ಟನೆಯ ವಚನ? ಹುಡುಕಿ ದಣಿಯಬೇಡಿ. ಆ ಲೆಕ್ಕ ಐರ್ಲೆಂಡಿನ ಆಂಗ್ಲಿಕನ್ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಅವರದು. ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿ ಶುರುವಾದದ್ದು ಕ್ರಿಸ್ತಪೂರ್ವ 4004ರ ಅಕ್ಟೋಬರ್‌ನಲ್ಲಿ ಎಂದು 1650ರಲ್ಲಿ ಅವರು ಬರೆದರು. ಕೈಯಲ್ಲಿ ಜಪಸರ ಹಿಡಿದ ನಮ್ಮ ಕಥೋಲಿಕರು ಆಂಗ್ಲಿಕನ್ ಪಂಚಾಂಗಕ್ಕೆ ಇಷ್ಟು ನಿಷ್ಠೆ ತೋರುವುದನ್ನು ಸರ್ವಧರ್ಮ ಸೌಹಾರ್ದ ಎಂದು ಮೆಚ್ಚೋಣ. ಆದರೆ ಮಲ್ಪೆಯೆದುರಿನ ಸಂತ ಮೇರಿ ದ್ವೀಪದ ಕಂಬಗಲ್ಲುಗಳು ಈ ಪಂಚಾಂಗ ಓದಿಲ್ಲ. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದಲ್ಲಿ ಹರಿದು ತಣಿದ ಲಾವಾ ಅದು. ವಯಸ್ಸು ಸುಮಾರು 8.8 ಕೋಟಿ ವರ್ಷ.

ಇಲ್ಲಿಗೆ ಬಂದಾಗ ಮಿತ್ರರು ಎರಡು ಉತ್ತರ ಕೊಡುತ್ತಾರೆ, ಅದೂ ಒಂದೇ ಉಸಿರಿನಲ್ಲಿ. ಒಂದು, ಕಲ್ಲಿನ ವಯಸ್ಸು ಅಳೆಯುವ ವಿಧಾನವೇ ತಪ್ಪು, ಕಲ್ಲು ಹಳತಲ್ಲ. ಇನ್ನೊಂದು, ದೇವರು ಹಳತಾಗಿ ಕಾಣುವಂತೆಯೇ ಕಲ್ಲನ್ನು ಮಾಡಿದ. ಅಳತೆ ತಪ್ಪಾಗಿದ್ದರೆ ಕಲ್ಲು ಹಳತಾಗಿ ಕಾಣುತ್ತಲೇ ಇಲ್ಲ. ಹಳತಾಗಿ ಕಾಣುತ್ತಿದ್ದರೆ ಅಳತೆ ಸರಿಯಿದೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಎಂದರೆ ಮಾತು ಬೇರೆ ಕಡೆ ಹೊರಳುತ್ತದೆ. ಎರಡನೆಯ ಉತ್ತರವೂ ಹೊಸದಲ್ಲ. ಡಾರ್ವಿನ್ನನ ಗ್ರಂಥಕ್ಕೆ ಎರಡು ವರ್ಷ ಮೊದಲೇ, 1857ರಲ್ಲಿ, ಫಿಲಿಪ್ ಗಾಸ್ ಎಂಬ ದೈವಭಕ್ತ ಪ್ರಾಣಿಶಾಸ್ತ್ರಜ್ಞ ಇದಕ್ಕಾಗಿ ಒಂದು ಪುಸ್ತಕವನ್ನೇ ಬರೆದ. ತಾಯಿಯಿಂದ ಹುಟ್ಟದ ಆದಾಮನಿಗೂ ಹೊಕ್ಕುಳಿತ್ತು, ಹಾಗೆಯೇ ಹೊಸ ಭೂಮಿಯಲ್ಲಿ ಹಳೆಯ ಪಳೆಯುಳಿಕೆಗಳೂ ಇದ್ದವು ಎಂಬುದು ಅವನ ತರ್ಕ. ಪುಸ್ತಕ ನೆಲಕಚ್ಚಿತು. ಅವನ ಗೆಳೆಯ, ಪಾದ್ರಿ ಚಾರ್ಲ್ಸ್ ಕಿಂಗ್ಸ್ಲಿಯೇ, ದೇವರು ಬಂಡೆಗಳ ಮೇಲೆ ಅಷ್ಟು ದೊಡ್ಡ ಸುಳ್ಳು ಬರೆದನೆಂದು ತಾನು ನಂಬಲಾರೆ ಎಂದ. ದೇವರ ಮಾನ ಉಳಿಸಲು ಹೊರಟವರು ಅವನನ್ನೇ ದಾಖಲೆ ತಿದ್ದುವವನನ್ನಾಗಿ ಮಾಡುತ್ತಿದ್ದಾರೆ ಎಂದು ಹೇಳಲು ಒಬ್ಬ ಪಾದ್ರಿಯೇ ಬೇಕಾಯಿತು.

ಇನ್ನು ನೋಹನ ನಾವೆ. ‘ಎಲ್ಲ ಜೀವಿಗಳೂ ಅದರಲ್ಲಿ ಬದುಕುಳಿದವು, ವಿಕಾಸವೇನೂ ನಡೆದಿಲ್ಲ.’ ಅಷ್ಟು ಪ್ರಾಣಿಗಳಿಗೆ ಜಾಗ ಎಲ್ಲಿತ್ತು ಎಂದರೆ, ಹತ್ತಿದ್ದು ಪ್ರತಿ ‘ಜಾತಿ’ಯ ಒಂದು ಜೋಡಿ ಮಾತ್ರ, ಹುಲಿ, ಸಿಂಹ, ಚಿರತೆ, ಮನೆಯ ಬೆಕ್ಕು ಎಲ್ಲ ಒಂದೇ ಜೋಡಿಯಿಂದ ಆಮೇಲೆ ಕವಲೊಡೆದವು ಎನ್ನುತ್ತಾರೆ. ಅಮೆರಿಕದ ಕೆಂಟಕಿಯಲ್ಲಿ 2016ರಲ್ಲಿ ತೆರೆದ, 510 ಅಡಿ ಉದ್ದದ ಪ್ರದರ್ಶನದ ನಾವೆಯವರ ವಿವರಣೆಯೂ ಇದೇ. ಜಲಪ್ರಳಯವಾಗಿ ನಾಲ್ಕು ಸಾವಿರದ ಚಿಲ್ಲರೆ ವರ್ಷವಾಯಿತೆಂಬುದು ಅವರದೇ ಲೆಕ್ಕ. ಅಷ್ಟರಲ್ಲಿ ಒಂದು ಜೋಡಿ ಬೆಕ್ಕಿನಿಂದ ಸಿಂಹ! ಇಷ್ಟು ವೇಗದ ವಿಕಾಸವನ್ನು ಕೇಳುವ ಧೈರ್ಯ ಡಾರ್ವಿನ್ನನಿಗೂ ಇರಲಿಲ್ಲ. ನೇರಳೆ ಕಪ್ಪೆಯ ವಿಷಯವನ್ನಂತೂ ಅವರು ಎತ್ತುವುದೇ ಇಲ್ಲ. ಇಡುಕ್ಕಿಯಲ್ಲಿ ಸಿಕ್ಕು 2003ರಲ್ಲಿ ಹೆಸರು ಪಡೆದ ಈ ಕಪ್ಪೆ ವರ್ಷದ ಬಹುಪಾಲು ಮಣ್ಣಿನೊಳಗೇ ಇರುತ್ತದೆ. ಅದರ ಹತ್ತಿರದ ಬಂಧುಗಳಿರುವುದು ಸೆಶೆಲ್ಸ್ ದ್ವೀಪಗಳಲ್ಲಿ. ಅರರಾತ್ ಬೆಟ್ಟದಲ್ಲಿ ಇಳಿದವರಲ್ಲಿ ಒಬ್ಬ ಸಹ್ಯಾದ್ರಿಗೆ ತೆವಳಿಕೊಂಡು ಬಂದ, ಇನ್ನೊಬ್ಬ ಉಪ್ಪುನೀರಿನಲ್ಲಿ ಈಜಿ ಸೆಶೆಲ್ಸ್ ಸೇರಿದ, ದಾರಿಯಲ್ಲಿ ಇಬ್ಬರೂ ಒಂದು ಮರಿಯನ್ನೂ ಬಿಡಲಿಲ್ಲ ಎಂದೇ? ಒಂದೇ ಭೂಭಾಗ ಒಡೆದು ದೂರವಾಯಿತು ಎಂದರೆ ಸಾಕು, ಕಪ್ಪೆಗೆ ಪ್ರಯಾಣದ ಕಷ್ಟವೇ ಇಲ್ಲ.

‘ಆರು ದಿನ ಎಂದರೆ ಆರೇ ದಿನ, ಇದು ಹಿರಿಯರ ನಂಬಿಕೆ.’ ಯಾವ ಹಿರಿಯರು? ಸೂರ್ಯನೇ ಇಲ್ಲದ ಮೊದಲ ಮೂರು ದಿನಗಳನ್ನು ಅಕ್ಷರಶಃ ಓದುವುದನ್ನು ದೇವಶಾಸ್ತ್ರಜ್ಞ ಓರಿಗೆನ್ ಮೂರನೇ ಶತಮಾನದಲ್ಲೇ ಗೇಲಿ ಮಾಡಿದ್ದರು. ಸಂತ ಅಗಸ್ಟೀನರಿಗೂ ಅವು ನಮ್ಮ ದಿನಗಳಲ್ಲ. ಜಲಪ್ರಳಯದಿಂದಲೇ ಬಂಡೆಪದರಗಳಾದವು ಎಂಬ ವಾದವನ್ನು ಜನಪ್ರಿಯಗೊಳಿಸಿದ್ದು 1961ರಲ್ಲಿ ಇಬ್ಬರು ಅಮೆರಿಕನ್ನರು ಬರೆದ ಪುಸ್ತಕ. ಒಬ್ಬರು ದೇವಶಾಸ್ತ್ರಜ್ಞ, ಇನ್ನೊಬ್ಬರು ಜಲ ಎಂಜಿನಿಯರ್. ಇಬ್ಬರೂ ಕಥೋಲಿಕರಲ್ಲ.

‘ವಿಕಾಸ ಒಪ್ಪಿದರೆ ವಿಶ್ವಾಸ ಹೋಗುತ್ತದೆ.’ ಆತ್ಮವನ್ನು ದೇವರೇ ಸೃಷ್ಟಿಸುತ್ತಾನೆಂದು ಒಪ್ಪಿದರೆ, ದೇಹದ ಮೂಲವನ್ನು ಸಂಶೋಧಿಸಲು ಅಡ್ಡಿಯಿಲ್ಲ ಎಂದು ಪೋಪ್ ಹನ್ನೆರಡನೇ ಪಿಯುಸ್ 1950ರಲ್ಲೇ ಹೇಳಿದರು. ವಿಕಾಸ ಬರೀ ಊಹೆಗಿಂತ ಮಿಗಿಲಾದದ್ದು ಎಂದು ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ಒಪ್ಪಿಕೊಂಡರು. ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಅಗಸ್ಟೀನ್ ಮಠದ ಸನ್ಯಾಸಿ. ಇದಕ್ಕೆ ಮಿತ್ರರ ಉತ್ತರ: ‘ಅದು ಪೋಪರ ಸ್ವಂತ ಅಭಿಪ್ರಾಯ.’ ಸಂತಾನ ನಿಯಂತ್ರಣದ ಮಾತು ಬಂದಾಗ ಅದೇ ಪೋಪರ ಮಾತೇ ಅಂತಿಮ. ಎರಡರ ನಡುವಿನ ಗೆರೆಯನ್ನು ಎಳೆಯುವವರು ಯಾರೆಂದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.