ಊರು ಖಾಲಿಯಾಗಿಲ್ಲ, ಖಾಲಿ ಮಾಡಿಸಬೇಡಿ

ಹೊಳಲ್ಕೆರೆ ಸುತ್ತಿನ ಹಳ್ಳಿಗಳಲ್ಲಿ ಸಣ್ಣ ಶಾಲೆ, ಆರೋಗ್ಯ ಉಪಕೇಂದ್ರ, ಸಂಜೆಯ ಬಸ್ಸು ಇವು ಉಳಿಯಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತ ಬಂದಿದ್ದೇನೆ. ಎದುರಿನಿಂದ ಪ್ರತಿ ಸಲವೂ ಅವೇ ಏಳೆಂಟು ಮಾತು ಬರುತ್ತವೆ. ಹೇಳುವವರು ಕೆಟ್ಟವರಲ್ಲ. ಅವರಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರಿದ್ದಾರೆ, ನೆಂಟರಿದ್ದಾರೆ, ಅಡಿಕೆ ತೋಟದ ಯಜಮಾನರಿದ್ದಾರೆ. ಮಾತಿಗೆ ಮಾತು ಬೆಳೆಸಿ ಎದ್ದುಹೋಗುವುದಕ್ಕಿಂತ ಒಂದೊಂದಕ್ಕೂ ಉತ್ತರ ಬರೆದಿಡುವುದು ಮೇಲು ಎನ್ನಿಸಿತು.

"ಜನರೇ ಇಲ್ಲದ ಊರಿಗೆ ಸರ್ಕಾರ ಯಾಕೆ ದುಡ್ಡು ಸುರಿಯಬೇಕು?" ಇದು ಮೊದಲ ಮಾತು. ಜನ ಇಲ್ಲ ಎಂದವರು ಯಾರು? 2001ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿದ್ದವರು 15 ಲಕ್ಷ 17 ಸಾವಿರ. 2011ರಲ್ಲಿ 16 ಲಕ್ಷ 59 ಸಾವಿರ. ಹತ್ತು ವರ್ಷಕ್ಕೆ ಶೇ 9ರಷ್ಟು ಏರಿಕೆ. ಅದೇ ಹತ್ತು ವರ್ಷದಲ್ಲಿ ರಾಜ್ಯ ಶೇ 15.6ರಷ್ಟು ಬೆಳೆಯಿತು, ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು. ನಮ್ಮದು ನಿಧಾನವಾಗಿ ಬೆಳೆದ ಜಿಲ್ಲೆ, ಬರಿದಾದ ಜಿಲ್ಲೆಯಲ್ಲ. ಹತ್ತರಲ್ಲಿ ಎಂಟು ಜನ ಆಗಲೂ ಹಳ್ಳಿಯಲ್ಲೇ ಇದ್ದರು.

ಇನ್ನು ಊರು ಬಿಡುವವರು ಯಾರು ಎಂದು ನೋಡಿ. ಇಪ್ಪತ್ತರಿಂದ ಮೂವತ್ತೈದರೊಳಗಿನವರು. ಹಿಂದೆ ಉಳಿಯುವವರು ಸಕ್ಕರೆ ಕಾಯಿಲೆಯ ಅಜ್ಜ, ಮಂಡಿನೋವಿನ ಅಜ್ಜಿ, ಅವರ ಸುಪರ್ದಿನಲ್ಲಿರುವ ಮೊಮ್ಮಕ್ಕಳು. ಆಸ್ಪತ್ರೆ, ಶಾಲೆ ಹತ್ತಿರ ಬೇಕಾದವರೇ ಇವರು. ತಲೆ ಎಣಿಸಿ ಇವರ ಸೌಕರ್ಯ ಕಡಿತ ಮಾಡುವುದು ಯಾವ ನ್ಯಾಯ? ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತ್ತು. ನಮ್ಮ ಪಕ್ಕದ ಹೊಸದುರ್ಗ ಅದರಲ್ಲಿ ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿದೆ. ಹಳೇ ಬಾಕಿಯನ್ನು ತೀರಿಸಿ ಎಂದು ಕೇಳುವುದನ್ನು ದುಡ್ಡು ಸುರಿಯುವುದು ಎನ್ನಬೇಡಿ.

"ಹನ್ನೆರಡು ಮಕ್ಕಳಿಗೆ ಇಬ್ಬರು ಮೇಷ್ಟ್ರೇ? ದೊಡ್ಡ ಶಾಲೆಗೆ ಸೇರಿಸಿ, ವ್ಯಾನು ಕಳಿಸಿದರಾಯಿತು" ಎನ್ನುತ್ತಾರೆ. ಮಕ್ಕಳು ಕಡಿಮೆಯಾಗಿರುವುದು ನಿಜ. ಊರು ಬಿಟ್ಟವರಿಂದ ಮಾತ್ರವಲ್ಲ, ಹುಟ್ಟುವವರೇ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಆದರೆ ಶಾಲೆ ಮುಚ್ಚಿದ ಮೇಲೆ ಏನಾಗುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆರು ವರ್ಷದ ಮಗುವನ್ನು ದೂರ ಕಳಿಸಲು ಮನಸ್ಸು ಬಾರದ ತಾಯಿ ಹೊಳಲ್ಕೆರೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿಯುತ್ತಾಳೆ. ಊರಲ್ಲಿ ಗಂಡನೊಬ್ಬನೇ. ಬೆಳಗಿನ ಜಾವ ಹಾಲು ಕರೆಯುತ್ತಿದ್ದವಳು ಅವಳು. ಆರು ತಿಂಗಳಿಗೆ ಎರಡು ಹಸು ಮಾರಾಟವಾಗುತ್ತವೆ. ಹೀಗೆ ನಾಲ್ಕು ಮನೆಯಾದರೆ ಡೈರಿಗೆ ಬೀಳುವ ಹಾಲು ಕಡಿಮೆ, ಹಾಲಿನ ಗಾಡಿ ಬರುವುದು ಅನುಮಾನ. ವಾರದ ಬಟವಾಡೆ ನಂಬಿದ್ದ ಅಂಗಡಿಯವನೂ ಶೆಟರ್ ಎಳೆಯುತ್ತಾನೆ. ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕು ಎಂದು ಶಿಕ್ಷಣ ಹಕ್ಕು ನಿಯಮ ಬರೆದವರಿಗೆ ಈ ಸರಪಳಿ ಗೊತ್ತಿತ್ತು. ಜನ ಹೋದರೆಂದು ಶಾಲೆ ಹೋಗಲಿಲ್ಲ. ಶಾಲೆ ಹೋಯಿತೆಂದು ಜನ ಹೋದರು.

ಮೂರನೆಯ ಮಾತು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ: "ಈಗಿನ ಹುಡುಗರಿಗೆ ಮೈ ಬಗ್ಗಿಸೋಕೆ ಆಗಲ್ಲ." ಅದೇ ಹುಡುಗರು ಬೆಂಗಳೂರಿನಲ್ಲಿ ಮಳೆ ಬಿಸಿಲೆನ್ನದೆ ದಿನಕ್ಕೆ ಹನ್ನೆರಡು ಗಂಟೆ ಬೈಕ್ ಮೇಲೆ ಊಟದ ಪೊಟ್ಟಣ ಹಂಚುತ್ತಾರೆ. ಗಾರ್ಮೆಂಟ್ಸ್ ಗೋದಾಮಿನಲ್ಲಿ ಮೂಟೆ ಹೊರುತ್ತಾರೆ. ಮೈ ಬಗ್ಗದವರು ಮಾಡುವ ಕೆಲಸವೇ ಅದು? ಊರಲ್ಲಿ ಅವರ ಪಾಲಿಗೆ ಏನಿದೆ ಎಂದು ಕೇಳಿ. ಖುಷ್ಕಿಯ ಎರಡೋ ಮೂರೋ ಎಕರೆಯಲ್ಲಿ ಮೆಕ್ಕೆಜೋಳ. ಬೀಜ, ಗೊಬ್ಬರ, ಕಟಾವಿನ ಲೆಕ್ಕ ಕಳೆದರೆ ಕೈಗೆ ಉಳಿಯುವುದು ಅಷ್ಟಕ್ಕಷ್ಟೆ. ತೋಟವಿದ್ದ ಮನೆಯಲ್ಲೂ ಹುಡುಗನ ಸ್ಥಿತಿ ಬೇರೆಯಲ್ಲ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಅದೂ ಅಪ್ಪನ ಖಾತೆಗೆ. ಪಹಣಿಯಲ್ಲಿ ಅಪ್ಪನ ಹೆಸರು, ಮಂಡಿಯಲ್ಲಿ ಅಪ್ಪನ ಲೆಕ್ಕ. ಇಪ್ಪತ್ತೆಂಟು ವರ್ಷದ ಮಗ ಪೆಟ್ರೋಲಿಗೆ ಇನ್ನೂರು ರೂಪಾಯಿ ಬೇಕೆಂದು ಅಪ್ಪನ ಮುಂದೆ ನಿಲ್ಲುತ್ತಾನೆ. ಬೆಂಗಳೂರಿನಲ್ಲಿ ಸಿಗುವುದು ಕಡಿಮೆಯೇ ಇರಲಿ, ಒಂದನೇ ತಾರೀಖಿಗೆ ಅವನ ಹೆಸರಿಗೇ ಬೀಳುತ್ತದೆ. ಅವನು ಹುಡುಕಿಕೊಂಡು ಹೋದದ್ದು ಆ ಮರ್ಯಾದೆಯನ್ನು. ಯಜಮಾನರೇ, ಮಗನಿಗೆ ಒಂದು ಎಕರೆಯ ಆಡಳಿತ ಬಿಟ್ಟುಕೊಟ್ಟು ಆಮೇಲೆ ಅವನನ್ನು ಸೋಮಾರಿ ಎನ್ನಿ.

"ಅಡಿಕೆ ಬಂದು ತಾಲ್ಲೂಕು ಉದ್ಧಾರವಾಯಿತಲ್ಲ" ಎನ್ನುವವರು ಸುಗ್ಗಿಯಲ್ಲಿ ಒಮ್ಮೆ ಅಡಿಕೆ ಬೇಯಿಸುವ ಕಣದ ಹತ್ತಿರ ನಿಂತು ನೋಡಲಿ. ಹಿಂದೆ ರಾತ್ರಿಯಿಡೀ ಲೈಟು ಹಾಕಿಕೊಂಡು ಹತ್ತಿಪ್ಪತ್ತು ಹೆಂಗಸರು ಸಾಲಾಗಿ ಕೂತು ಕತ್ತಿಯಲ್ಲಿ ಸುಲಿಯುತ್ತಿದ್ದರು. ಡಬ್ಬದ ಲೆಕ್ಕದಲ್ಲಿ ಕೂಲಿ. ಚೊಗರಿನ ಕಪ್ಪು ತಿಂಗಳಾದರೂ ಅವರ ಬೆರಳಿನಿಂದ ಹೋಗುತ್ತಿರಲಿಲ್ಲ, ಆದರೆ ಆ ದುಡ್ಡಿನಲ್ಲಿ ಮಗಳ ಕಾಲೇಜು ಫೀಸು ಕಟ್ಟಿದ್ದರು. ಈಗ ಸುಲಿಯುವ ಮೆಷಿನ್ನು ಬಂದಿದೆ. ಎರಡು ಮೂರು ಜನ ಸಾಕು. ತೋಟವನ್ನು ಖೇಣಿಗೆ ಕೊಟ್ಟರೆ ಯಜಮಾನನಿಗೂ ಕೆಲಸವಿಲ್ಲ. ಮೆಷಿನ್ನು ಬೇಡ ಎಂದು ನಾನು ಹೇಳುವುದಿಲ್ಲ, ಕತ್ತಿಯ ಕೆಲಸ ಸುಖದ್ದಾಗಿರಲಿಲ್ಲ. ಆದರೆ ಬೆಳೆ ಹೆಚ್ಚಿದಷ್ಟು ಕೆಲಸ ಹೆಚ್ಚಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಲಾಭ ಎಲ್ಲಿಗೆ ಹೋಯಿತು? ದಾವಣಗೆರೆಯಲ್ಲಿ ಸೈಟು, ಬೆಂಗಳೂರಿನಲ್ಲಿ ಮನೆ, ಉಳಿದದ್ದು ನೂರಾರು ಅಡಿ ಆಳಕ್ಕೆ ಕೊರೆಸಿದ ಬೋರಿಗೆ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳದ್ದೂ ಇದೇ ಕಥೆ. ಕರೆಂಟು ತಂತಿ ಹಿಡಿದು ಹೊರಗೆ ಹೋಗುತ್ತದೆ, ಊರಿನವರಿಗೆ ಸಿಕ್ಕಿದ್ದು ನಾಲ್ಕಾರು ಕಾವಲಿನ ಕೆಲಸ.

ಭದ್ರಾ ನೀರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಜೊತೆ ನಾನೂ ಧರಣಿಯಲ್ಲಿ ಕೂತವನು. ಭದ್ರಾ ಮೇಲ್ದಂಡೆ ಯೋಜನೆ ಮುಗಿಯಲೇಬೇಕು. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ಬರಲೇಬೇಕು. ಆದರೆ ಅಲ್ಲಿಯವರೆಗೆ ಉಳಿದದ್ದೆಲ್ಲ ಕಾಯಲಿ ಎನ್ನುವುದನ್ನು ಒಪ್ಪಲಾರೆ. ಹಿರಿಯೂರಿನ ಕಡೆ ನೋಡಿ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿದ್ದು 1907ರಲ್ಲಿ. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆ ನೀರನ್ನು ನಂಬಿ ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿತು. ನಾಲೆಯಲ್ಲಿ ನೀರು ಹರಿದರೆ ಬೆಳೆ ಬರುತ್ತದೆ. ಆ ಬೆಳೆಯ ಸುತ್ತ ಊರಲ್ಲೇ ಕೆಲಸ ಹುಟ್ಟಬೇಕಾದರೆ ಓದಿದವರು ಊರಲ್ಲಿ ಇರಬೇಕು, ಅವರು ಇರಬೇಕಾದರೆ ಶಾಲೆ, ಬಸ್ಸು, ಆಸ್ಪತ್ರೆ ಇರಬೇಕು.

ಈಗ ಹೆಣ್ಣುಮಕ್ಕಳ ಮೇಲಿನ ದೂರು. "ನಮ್ಮ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ, ಹುಡುಗಿಯರಿಗೆ ಪ್ಯಾಟೆ ಗಂಡೇ ಬೇಕು." ಈ ಸಂಕಟ ನಮ್ಮೊಬ್ಬರದಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರ ನೋವು ದೊಡ್ಡದು. ತಪ್ಪನ್ನು ಹುಡುಗಿಯರ ತಲೆಗೆ ಕಟ್ಟುವುದು ಮಾತ್ರ ಅನ್ಯಾಯ.

ಸಂಜೆ ಏಳರ ಹೊತ್ತಿಗೆ ದುರ್ಗದ ಬಸ್‌ಸ್ಟ್ಯಾಂಡಿಗೆ ಹೋಗಿ. ಬಟ್ಟೆ ಅಂಗಡಿ, ಲ್ಯಾಬು, ನರ್ಸಿಂಗ್ ಹೋಮಿನ ಕೆಲಸ ಮುಗಿಸಿದ ಹುಡುಗಿಯರು ಬ್ಯಾಗು ಎದೆಗೆ ಅವುಚಿಕೊಂಡು ಬೋರ್ಡು ನೋಡುತ್ತ ನಿಂತಿರುತ್ತಾರೆ. ಹೊಳಲ್ಕೆರೆಯವರೆಗೆ ಬಸ್ಸು ಉಂಟು. ಅಲ್ಲಿಂದ ಒಳಗಿನ ಊರಿಗೆ ಕೊನೆಯ ಬಸ್ಸು ಆಗಲೇ ಹೋಗಿರುತ್ತದೆ. ಅಣ್ಣನೋ ಅಪ್ಪನೋ ಬೈಕ್ ತರಬೇಕು. ತಾರದ ದಿನ ಆಟೋಗೆ ಕೊಡುವ ದುಡ್ಡು ಅವತ್ತಿನ ಸಂಬಳದಲ್ಲಿ ಪಾಲು ಕೇಳುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಅದರಿಂದ ಎಷ್ಟೋ ಮನೆ ಉಸಿರಾಡಿದೆ. ಆದರೆ ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಒಳದಾರಿಗಳಲ್ಲಿ ಮೊದಲಿಂದಲೂ ಖಾಸಗಿಯವರದೇ ಬಸ್ಸು. ಒಂದು ವರ್ಷ ಹೀಗೆ ಓಡಾಡಿದ ಹುಡುಗಿ ಊರಿನಲ್ಲೇ ಗಂಡು ನೋಡಿ ಎನ್ನುತ್ತಾಳೆಯೇ? ಸಂಜೆ ಏಳೂವರೆಗೊಂದು ಬಸ್ಸು ಹಾಕಿ. ಬೀಗರು ತಾವಾಗಿ ಬರುತ್ತಾರೆ.

"ಜಗತ್ತೆಲ್ಲ ಹೀಗೇ, ಹಳ್ಳಿ ಕರಗಿ ನಗರ ಬೆಳೆಯುವುದೇ ಪ್ರಗತಿ" ಎನ್ನುವವರಿಗೆ ಉದ್ದದ ಉತ್ತರ ಬೇಕಿಲ್ಲ. ಜಪಾನಿನಲ್ಲಿ 2023ರ ಲೆಕ್ಕದಂತೆ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ಅಲ್ಲಿನ ಹಳ್ಳಿಗಳು ಬಂದು ನೆಲೆಸುವವರಿಗೆ ದುಡ್ಡು ಕೊಡುತ್ತಿವೆ. ಅವರು ಶ್ರೀಮಂತರಾದ ಮೇಲೆ ಮುದುಕರಾದರು. ನಮಗೆ ಆ ಪುರುಸೊತ್ತಿಲ್ಲ.

"ಹಳ್ಳಿಗೆ ಯಾರು ಬರುತ್ತಾರೆ ಬಿಡಿ" ಎಂದು ಕೊನೆಗೆ ಕೈಚೆಲ್ಲುವವರನ್ನು ಮಲ್ಲಾಡಿಹಳ್ಳಿಗೆ ಕರೆದೊಯ್ಯಬೇಕು. ನಮ್ಮದೇ ತಾಲ್ಲೂಕು. ತಿರುಕ ಎಂದು ಕರೆದುಕೊಂಡ ರಾಘವೇಂದ್ರ ಸ್ವಾಮೀಜಿ 1943ರಲ್ಲಿ ಅಲ್ಲಿಗೆ ಬಂದಾಗ ಅದೂ ಎಲ್ಲದರಂತೆ ಒಂದು ಹಳ್ಳಿ. ಮನೆಮನೆ ತಿರಿದು ಅನಾಥ ಸೇವಾಶ್ರಮ ಕಟ್ಟಿದರು. ಯೋಗ ಕಲಿಸಿದರು, ಆಯುರ್ವೇದದ ಔಷಧಿ ಕೊಟ್ಟರು, ಶಾಲೆ ತೆರೆದರು. 1996ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ನಾಡಿನ ಮೂಲೆಮೂಲೆಯ ಮಕ್ಕಳು ಆ ಊರಿಗೆ ಓದಲು ಬರುತ್ತಿದ್ದರು. ಜನ ಹೆಚ್ಚಾಗಲಿ, ಆಮೇಲೆ ಶಾಲೆ ಕಟ್ಟೋಣ ಎಂದು ಅವರು ಕಾದಿದ್ದರೆ ಮಲ್ಲಾಡಿಹಳ್ಳಿಯ ಹೆಸರು ತಾಲ್ಲೂಕಿನಾಚೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

2027ರ ಜನಗಣತಿಯಲ್ಲಿ ನಮ್ಮ ಊರುಗಳ ತಲೆಯೆಣಿಕೆ ಮತ್ತೆ ನಡೆಯುತ್ತದೆ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೊಬ್ಬ ಸದಸ್ಯ ಎಂಬುದು ಕಾಯ್ದೆ. ಜನ ಇಳಿದರೆ ನಮ್ಮ ಪರ ಮಾತಾಡುವ ಬಾಯಿಯೂ ಇಳಿಯುತ್ತದೆ. ಅದಕ್ಕೆ ಮುಂಚೆ ಒಂದು ಕೆಲಸವಾಗಬೇಕು. ಮುಂದಿನ ಗ್ರಾಮಸಭೆಯ ದಿನ ಅಂಗಡಿ ಕಟ್ಟೆಯಲ್ಲಿ ಕೂರದೆ ಒಳಗೆ ಬನ್ನಿ. ನಮ್ಮ ಶಾಲೆ ಮುಚ್ಚಬಾರದು, ಸಂಜೆ ಬಸ್ಸು ಬೇಕು, ಉಪಕೇಂದ್ರದಲ್ಲಿ ನರ್ಸ್ ಇರಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ. ಬರುವಾಗ ಮಗನನ್ನೂ ಮಗಳನ್ನೂ ಕರೆದುಕೊಂಡು ಬನ್ನಿ. ಮೊದಲು ಅವರು ಮಾತಾಡಲಿ.