ಗಂಜಾಮಿನ ಅಂಜೂರ: ದೋಷವು ತಳಿಯದೋ, ಬೇಸಾಯದ್ದೋ?

ಮೈಸೂರು ಸೀಮೆಯಲ್ಲಿ ಗಂಜಾಮಿನ ಅಂಜೂರವೆಂದರೆ ಒಂದು ಕಾಲಕ್ಕೆ ಬೇರೆ ಹೊಗಳಿಕೆ ಬೇಕಾಗಿರಲಿಲ್ಲ. ಈಗ ಆ ತೋಟಗಳು ವಿರಳವಾಗಿವೆ. ಹಣ್ಣು ಸಪ್ಪೆ, ಬೇಗನೆ ಹುಳಿಯುತ್ತದೆ, ಎರಡು ದಿನ ನಿಲ್ಲುವುದಿಲ್ಲ. ಆದುದರಿಂದ ನಾಟಿ ತಳಿಯನ್ನು ಕಿತ್ತು ಹೊರಗಿನ ತಳಿಯನ್ನೋ ಕಬ್ಬನ್ನೋ ಹಾಕುವುದೇ ಲೇಸೆಂಬ ಮಾತು ಶ್ರೀರಂಗಪಟ್ಟಣದ ಸುತ್ತಿನಲ್ಲಿ ಕೇಳಿಬರುತ್ತದೆ. ಈ ತೀರ್ಪು ಆತುರದ್ದು. ಹಣ್ಣಿನ ಗುಣವು ತಳಿಯೊಂದರಿಂದಲೇ ಉಂಟಾಗತಕ್ಕದ್ದಲ್ಲ. ಬೇಸಾಯದಲ್ಲಿಯೂ ಕುಯ್ಲಿನಲ್ಲಿಯೂ ಇರುವ ಲೋಪಗಳನ್ನು ತಳಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಾವೇರಿಯ ಎರಡು ಕವಲುಗಳ ನಡುವೆ ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲವಾಗಿರುವ ದ್ವೀಪದಲ್ಲಿ, ಕೋಟೆಗೆ ಪೂರ್ವದಲ್ಲಿ ಗಂಜಾಂ ಇದೆ. ಶಿರಾ ಪ್ರಾಂತದಿಂದ 12,000 ಕುಟುಂಬಗಳನ್ನು ಕರೆತಂದು ಟಿಪ್ಪು ಸುಲ್ತಾನನು ಈ ಪೇಟೆಯನ್ನು ನೆಲೆಗೊಳಿಸಿದನೆಂದು ಹೇಳುತ್ತಾರೆ. ಅಂಜೂರವೂ ಆ ಕಾಲದ್ದೇ ಎಂಬ ಪ್ರತೀತಿಯುಂಟು. ದ್ವೀಪಕ್ಕೆ ನೀರೊದಗಿಸುವ ಬಂಗಾರದೊಡ್ಡಿ ನಾಲೆಯು ಅದಕ್ಕೂ ಹಿಂದಿನದು. 17ನೆಯ ಶತಮಾನದ ಕಂಠೀರವ ನರಸರಾಜ ಒಡೆಯರ ಹೆಸರಿನೊಡನೆ ಕೂಡಿಕೊಂಡಿರುವ ಈ ನಾಲೆಯು ನದಿಯ ಒಂದು ಕವಲನ್ನು ಮೇಲ್ಗಾಲುವೆಯ ಮೂಲಕ ದಾಟಿ ಬರುತ್ತದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯು ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿ ಸ್ಥಾಪಿತವಾದ ಬಳಿಕ ಈ ಸೀಮೆಯ ಒಕ್ಕಲುತನವು ಬತ್ತ ಕಬ್ಬುಗಳ ಕಡೆಗೆ ತಿರುಗಿತು. ಅದರಿಂದ ಜನರಿಗಾದ ಉಪಕಾರವು ಅಲ್ಪವಲ್ಲ. ಆದರೆ ಗದ್ದೆಗೆ ಹಿತವಾದ ನೀರೆಲ್ಲವೂ ಹಣ್ಣಿನ ತೋಟಕ್ಕೂ ಹಿತವಲ್ಲವೆಂಬುದನ್ನು ಮರೆಯಬಾರದು.

ಅಂಜೂರವು ಆಲ, ಅತ್ತಿ, ಅರಳಿಗಳ ಕುಲಕ್ಕೆ ಸೇರಿದುದು. ಹಸಿಯ ಹಣ್ಣಿನಲ್ಲಿ ನೂರಕ್ಕೆ ಸುಮಾರು 79 ಪಾಲು ನೀರು, 16 ಪಾಲು ಸಕ್ಕರೆ ಇರುತ್ತದೆ. ಒಣಗಿದ ಹಣ್ಣಿನಲ್ಲಿ ನೀರು ಸುಮಾರು 30ಕ್ಕೆ ಇಳಿದು ಸಕ್ಕರೆಯು 48ರಷ್ಟಕ್ಕೆ ಏರುತ್ತದೆ. ಹೀಗಿರುವಲ್ಲಿ ಅಂಗಡಿಯ ಒಣ ಅಂಜೂರದೊಡನೆ ಗಂಜಾಮಿನ ಹಸಿ ಹಣ್ಣನ್ನು ಹೋಲಿಸಿ ‘ಸಿಹಿ ಸಾಲದು’ ಎನ್ನುವುದು ಕಬ್ಬಿನ ಹಾಲನ್ನು ಬೆಲ್ಲದೊಡನೆ ಹೋಲಿಸಿದಂತೆಯೇ ಸರಿ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದುಂಟು. ಮಾವು, ಬಾಳೆಗಳನ್ನು ಬಲಿತ ಕಾಯಾಗಿ ಕಿತ್ತು ಹಣ್ಣು ಮಾಡಬಹುದು. ದ್ರಾಕ್ಷಿಯಾದರೋ ಬಳ್ಳಿಯಿಂದ ಬೇರ್ಪಟ್ಟ ಮೇಲೆ ಸಿಹಿಯಾಗುವುದಿಲ್ಲ. ಅಂಜೂರವು ಕಿತ್ತ ಮೇಲೆ ಮೆತ್ತಗಾಗಬಹುದೇ ಹೊರತು ಅದರ ಸಕ್ಕರೆ ಹೆಚ್ಚಲಾರದು. ತೊಟ್ಟಿನಲ್ಲಿ ಬಿಳಿಯ ಹಾಲು ಸುರಿಯುವಾಗಲೇ ಕಿತ್ತ ಹಣ್ಣು ಸಪ್ಪೆಯಾಗಿರುವುದು ಸಹಜ. ಕತ್ತು ಬಾಗಿ, ಸಿಪ್ಪೆ ಮೃದುವಾಗಿ, ಹಾಲು ಬಹುಮಟ್ಟಿಗೆ ನಿಂತಾಗ ಕಿತ್ತುದೇ ಅಂಜೂರದ ನಿಜವಾದ ರುಚಿಯನ್ನು ಕೊಡತಕ್ಕದ್ದು. ಎಳೆಯದನ್ನು ಕಿತ್ತು ಮಾರಿದವನು ಆ ದಿನ ಗೆದ್ದನೆಂದು ತೋರಿದರೂ ಊರಿನ ಹೆಸರಿಗೆ ನಷ್ಟವನ್ನುಂಟುಮಾಡುತ್ತಾನೆ. ಒಮ್ಮೆ ಸಪ್ಪೆ ಹಣ್ಣು ತಿಂದವನು ಎರಡನೆಯ ಸಲ ಕೊಳ್ಳಲು ಬರುವುದಿಲ್ಲ.

ಇನ್ನು ಋತು ಮತ್ತು ನೀರಿನ ವಿಷಯ. ಪುಣೆಯ ಸೀಮೆಯ ಬೆಳೆಗಾರರು ಅಂಜೂರದ ಎರಡು ಫಸಲುಗಳನ್ನು ‘ಖಟ್ಟಾ ಬಹಾರ್’, ‘ಮೀಠಾ ಬಹಾರ್’ ಎಂದು ಕರೆಯುತ್ತಾರೆ. ಮಳೆಗಾಲದ್ದು ಹುಳಿ, ಬೇಸಿಗೆಯದು ಸಿಹಿ. ಮರ ಅದೇ, ಮಣ್ಣೂ ಅದೇ, ವ್ಯತ್ಯಾಸವೆಲ್ಲಾ ಹವೆಯದು. ತೇವವು ಅತಿಯಾದರೆ ತುಕ್ಕು ರೋಗ ತಗುಲಿ ಎಲೆ ಉದುರುತ್ತದೆ, ಎಲೆಯಿಲ್ಲದ ಮರದಲ್ಲಿ ಹಣ್ಣಿಗೆ ಸಕ್ಕರೆ ಒದಗುವುದಿಲ್ಲ. ಪಕ್ವವಾಗುವ ಕಾಲದಲ್ಲಿ ಮಳೆ ಬಿದ್ದರೆ ಹಣ್ಣು ಬಿರಿದು ಹುಳಿಯುತ್ತದೆ.

ನೀರಿನ ಮಿತಿಯು ಹಣ್ಣಿಗೆ ಎಷ್ಟು ಉಪಕಾರಿಯೆಂಬುದಕ್ಕೆ ದೂರದ ನಿದರ್ಶನವೊಂದಿದೆ. ಚೀನಾ ದೇಶದ ತುರ್ಫಾನ್ ಎಂಬುದು ಮರಳುಗಾಡಿನ ನಡುವಣ ಹಸುರು ನೆಲ, ಅಂದರೆ ಓಯಸಿಸ್. ಅಲ್ಲಿ ವರ್ಷಕ್ಕೆ ಬೀಳುವ ಮಳೆ 20 ಮಿಲಿಮೀಟರಿಗಿಂತ ಕಡಿಮೆ. ಬೀದರಿನ ನೌಬಾದಿನಲ್ಲಿರುವ ಕಾರೇಜಿನಂತಹ ಸುರಂಗ ಕಾಲುವೆಗಳಿಂದ ಬೆಟ್ಟದ ನೀರನ್ನು ಅಳೆದು ತಂದು ಬೆಳೆದ ಅಲ್ಲಿಯ ನಾಟಿ ದ್ರಾಕ್ಷಿಯು ಸಿಹಿಗೆ ಪ್ರಖ್ಯಾತವಾಗಿದೆ. ವಿಜಯಪುರದ ಬೆಳೆಗಾರರೂ ಅಕ್ಟೋಬರಿನಲ್ಲಿ ಚಾಟಣಿ ಮಾಡಿ, ಒಣ ಹವೆಯಲ್ಲಿ ದ್ರಾಕ್ಷಿ ಮಾಗುವಂತೆ ನೋಡಿಕೊಂಡು, ಕುಯ್ಲಿಗೆ ಮುನ್ನ ನೀರನ್ನು ತಗ್ಗಿಸುತ್ತಾರೆ. ನೀರಿಲ್ಲದೆ ಹಣ್ಣಿಲ್ಲವೆಂಬುದು ನಿಜ; ನೀರು ಮಿತಿಮೀರಿದಲ್ಲಿ ರುಚಿಯಿಲ್ಲವೆಂಬುದೂ ಅಷ್ಟೇ ನಿಜ. ಬತ್ತದ ಗದ್ದೆಯ ಬಸಿನೀರು ಬುಡದಲ್ಲಿ ನಿಂತ ಅಂಜೂರದ ಮರವನ್ನು ನೋಡಿ ‘ತಳಿ ಕೆಟ್ಟಿತು’ ಎನ್ನುವವರು ಮೊದಲು ಬಸಿಗಾಲುವೆಯನ್ನು ನೋಡಬೇಕು.

ಬೆಳೆಗಾರರ ಆಕ್ಷೇಪಣೆಯು ನಿರಾಧಾರವಾದುದಲ್ಲ. ಹಣ್ಣು ಮಾಗುವವರೆಗೆ ಬಿಟ್ಟರೆ ಹಕ್ಕಿ ಬಾವಲಿಗಳ ಪಾಲಾಗುತ್ತದೆ. ಮಾಗಿದುದು ಪ್ರಯಾಣದಲ್ಲಿ ನಜ್ಜುಗುಜ್ಜಾಗುತ್ತದೆ. ಕೊಳ್ಳುವವನು ತೂಕಕ್ಕೆ ಹಣ ಕೊಡುತ್ತಾನೆಯೇ ಹೊರತು ರುಚಿಗಲ್ಲ. ಕಬ್ಬಿಗೆ ಕಾರ್ಖಾನೆಯುಂಟು, ಅಂಜೂರಕ್ಕೆ ಯಾರಿದ್ದಾರೆ? ಈ ಪ್ರಶ್ನೆಗೆ ಉತ್ತರ ಕೊಡದೆ ನಾಟಿ ತಳಿಯ ಹಿರಿಮೆಯನ್ನು ಸಾರುವುದು ರೈತನಿಗೆ ಬರಿಯ ಉಪದೇಶವಾಗುತ್ತದೆ.

ಉತ್ತರವು ಮೂರು ಕಾರ್ಯಗಳಲ್ಲಿದೆ. ಮೊದಲನೆಯದಾಗಿ, ಉಳಿದಿರುವ ಹಳೆಯ ಮರಗಳಲ್ಲಿ ಉತ್ತಮವಾದವುಗಳನ್ನು ಗುರುತಿಸಿ ಕಾಪಾಡತಕ್ಕದ್ದು. ಅಂಜೂರವನ್ನು ಕಡ್ಡಿ ನೆಟ್ಟು ಬೆಳೆಸುವುದರಿಂದ ತಾಯಿಮರದ ಗುಣವೇ ಮರಿಗಿಡಕ್ಕೆ ಬರುತ್ತದೆ. ತಾಯಿಮರವೇ ಹೋದರೆ ಗುಣವೂ ಹೋಯಿತು. ಎರಡನೆಯದಾಗಿ, ಹಣ್ಣಿನ ರಸದ ಸಿಹಿಯನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಎಂಬ ಕೈಗಾತ್ರದ ಉಪಕರಣದಿಂದ ಎರಡು ಋತುಗಳ ಫಸಲನ್ನೂ ಪರೀಕ್ಷಿಸಿ, ದ್ವೀಪದ ತೋಟಗಳೊಡನೆ ನಾಗಮಂಗಲ, ಕೃಷ್ಣರಾಜಪೇಟೆಗಳ ಖುಷ್ಕಿ ಜಮೀನಿನಲ್ಲಿ ಮಿತವಾದ ನೀರಿನಿಂದ ಬೆಳೆದ ಇದೇ ತಳಿಯ ಹಣ್ಣನ್ನು ಹೋಲಿಸಬೇಕು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಗಂಜಾಮಿಗೆ ಸಮೀಪದಲ್ಲಿಯೇ ಇರುವಾಗ ಪರೀಕ್ಷೆಗೆ ದೂರ ಹೋಗಬೇಕಾದುದಿಲ್ಲ. ಮೂರನೆಯದಾಗಿ, ಬೆಳೆಗಾರರು ಕೂಡಿಕೊಂಡು, ಬಲೆ ಹೊದಿಸಿ ಹಣ್ಣನ್ನು ಕಾಪಾಡಿ, ಮುಂಜಾನೆ ಕಿತ್ತು, ಒಂದೇ ಪದರವಾಗಿ ಬುಟ್ಟಿಯಲ್ಲಿ ಹೊಂದಿಸಿ, ಅದೇ ದಿನ ಮೈಸೂರು, ಬೆಂಗಳೂರುಗಳಿಗೆ ಮುಟ್ಟಿಸುವ ಏರ್ಪಾಡು ಆಗಬೇಕು. ಪಕ್ವವಾದುದಕ್ಕೆ ಮೇಲಾದ ಬೆಲೆ, ಎಳೆಯದಕ್ಕೆ ಕೆಳಗಿನ ಬೆಲೆ ಎಂಬ ಕಟ್ಟಳೆಯನ್ನು ತಾವೇ ಹಾಕಿಕೊಳ್ಳಬೇಕು.

ಪುಣೆ ಜಿಲ್ಲೆಯ ಪುರಂದರದ ಅಂಜೂರಕ್ಕೂ, ಈ ರಾಜ್ಯದ ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಗುರುತು ದೊರೆತಿದೆ. ಹೆಸರಿಗೆ ಮಾನ್ಯತೆ ದೊರೆಯುವುದು ಸಂತೋಷವೇ. ಆದರೆ ಹೆಸರನ್ನು ಉಳಿಸುವುದು ಬುಟ್ಟಿಯೊಳಗಿನ ಹಣ್ಣು. ಕಬ್ಬನ್ನು ಈ ವರ್ಷ ಬಿಟ್ಟವನು ಮುಂದಿನ ವರ್ಷ ಹಾಕಬಲ್ಲನು. ಗಂಜಾಮಿನ ಕೊನೆಯ ತಾಯಿಮರವನ್ನು ಕಡಿದ ಬಳಿಕ ಅದರ ಕಡ್ಡಿಯನ್ನು ಯಾವ ಇಲಾಖೆಯೂ ತಂದುಕೊಡಲಾರದು. ಕೊಡಲಿಯನ್ನು ಎತ್ತುವುದಕ್ಕೆ ಮುಂಚೆ, ಬೇಸಿಗೆಯ ಒಂದು ಫಸಲನ್ನಾದರೂ ನೀರು ತಗ್ಗಿಸಿ, ಪೂರ್ಣವಾಗಿ ಮಾಗಿಸಿ, ರುಚಿ ನೋಡಿ ತೀರ್ಮಾನಿಸುವುದು ವಿವೇಕಿಗಳಾದ ಒಕ್ಕಲುಗಳಿಗೆ ಒಪ್ಪತಕ್ಕ ಮಾರ್ಗವಾಗಿದೆ.