ಬಾಡಿಗೆಗೆ ಬಂದ ಉಪ್ಪರಿಗೆ

ಮಲೆನಾಡಿನ ದೊಡ್ಡ ಮನೆಗಳು ಈಗ ಅತಿಥಿಗಳನ್ನು ಕರೆಯತೊಡಗಿವೆ. ಅತಿಥಿಗಳೆಂದರೆ ನಂಟರಿಷ್ಟರಲ್ಲ, ರಾತ್ರಿಗೆ ಇಷ್ಟು ಎಂದು ಹಣ ತೆತ್ತು ಬರುವವರು. ಮನೆಯವರು ತೊಟ್ಟಿಯ ಒಂದು ಮಗ್ಗುಲಿನಲ್ಲಿ ತಾವು ಉಳಿದುಕೊಂಡು, ಇನ್ನೊಂದು ಮಗ್ಗುಲಿಗೆ ಸುಣ್ಣ ಬಳಿಸಿ, ಬಚ್ಚಲಿಗೆ ನಲ್ಲಿ ಹಾಕಿಸಿ, ರಜೆಯ ದಿನಗಳಲ್ಲಿ ಪಟ್ಟಣಿಗರಿಗೆ ಬಿಟ್ಟುಕೊಡುತ್ತಾರೆ. ಹೋಂಸ್ಟೇ ಎಂಬ ಹೆಸರು ಈಗ ನಮ್ಮ ಹಳ್ಳಿಯ ಮುದುಕರ ಬಾಯಲ್ಲೂ ಬಂದಿದೆ. ಇದನ್ನು ಕುರಿತು ನಮ್ಮ ವಿದ್ಯಾರ್ಥಿನಿಲಯದಲ್ಲಿ ಎರಡು ಪಂಗಡಗಳುಂಟು. ಮನೆತನದ ಮಾನ ಮಾರಾಟಕ್ಕೆ ಬಂತೆಂದು ಮರುಗುವವರು ಕೆಲವರು. ನಮ್ಮ ಸಂಸ್ಕೃತಿ ಉಳಿಯಿತೆಂದು ಹಿಗ್ಗುವವರು ಕೆಲವರು. ನಾನು ಎರಡರಲ್ಲಿ ಯಾವುದಕ್ಕೂ ಸೇರಿದವನಲ್ಲ. ಬಾಡಿಗೆಗೆ ಕೊಡುವುದು ಸರಿಯೆಂದೇ ನನ್ನ ಮತ. ಆದರೆ ಉಪ್ಪರಿಗೆಯ ಬಾಗಿಲನ್ನು ತೆರೆದವರು ಲೆಕ್ಕದ ಪುಸ್ತಕವನ್ನೂ ತೆರೆಯಬೇಕು ಎನ್ನುತ್ತೇನೆ.

ಮೊದಲು ಮನೆಯ ವಿಚಾರ. ಮಲೆನಾಡಿನ ಮನೆ ಕಲ್ಲಿನ ಗುಡಿಯಂತಲ್ಲ; ಬೀಗ ಹಾಕಿಕೊಂಡು ಹೋದರೆ ನಿಲ್ಲುವುದಿಲ್ಲ. ಜಂಬಿಟ್ಟಿಗೆಯ ತಳಪಾಯ, ಮಣ್ಣಿನ ಗೋಡೆ, ಮರದ ಕಂಬ ತೊಲೆಗಳು, ಮೇಲೆ ಹೆಂಚು. ಆಗುಂಬೆಯ ಸುತ್ತಿನಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುತ್ತದೆ; ಉಳಿದ ಕಡೆ ಅಷ್ಟಿಲ್ಲದಿದ್ದರೂ ಮಳೆಗಾಲ ಕಳೆಯುವವರೆಗೆ ಗೋಡೆ ಒಣಗುವುದು ಕಷ್ಟ. ಮಳೆ ಹಿಡಿಯುವ ಮೊದಲು ಯಾರಾದರೂ ಮಾಡು ಹತ್ತಿ ಒಡೆದ ಹೆಂಚುಗಳನ್ನು ತೆಗೆದು ಹೊಸತನ್ನು ಹೊದಿಸಬೇಕು. ಒಂದು ಹೆಂಚು ಜಾರಿದರೆ ಆ ವರ್ಷ ತೊಲೆ ನೆನೆಯುತ್ತದೆ, ಮರುವರ್ಷ ಗೋಡೆ ಬಾಯಿ ಬಿಡುತ್ತದೆ. ಒಲೆಯ ಹೊಗೆ ಅಟ್ಟಕ್ಕೆ ತಾಗುತ್ತಿರುವಷ್ಟು ಕಾಲ ಮರಕ್ಕೆ ಹುಳು ಹತ್ತುವುದು ಕಡಮೆ. ಒಲೆ ಆರಿದ ಮನೆಗೆ ಗೆದ್ದಲು ತಾನಾಗಿ ಬರುತ್ತದೆ. ಹಾಗೆಂದ ಮಾತ್ರಕ್ಕೆ ಎಲ್ಲ ಮನೆಗಳನ್ನೂ ಸರಕಾರ ಕೈಗೆ ತೆಗೆದುಕೊಂಡು ಕುಪ್ಪಳಿಯ ಕವಿಮನೆಯಂತೆ ಕಾಪಾಡಲಿ ಎನ್ನುವಂತಿಲ್ಲ. ಮನೆಗೊಬ್ಬ ಮಹಾಕವಿ ಹುಟ್ಟುವುದು ಸಾಧ್ಯವೆ? ಆದುದರಿಂದ ಮನೆ ಉಳಿಯಬೇಕಾದರೆ ಅಲ್ಲಿ ಜನ ಮಲಗಬೇಕು, ಏಳಬೇಕು, ನೆಲ ಸಾರಿಸಬೇಕು, ನೀರು ಕಾಯಬೇಕು. ಆ ಜನ ಹಣ ಕೊಟ್ಟು ಬಂದವರಾದರೆ ಹೆಂಚಿನ ಖರ್ಚೂ ಹುಟ್ಟುತ್ತದೆ. ಇದರಲ್ಲಿ ಮಾನ ಹೋಗುವಂಥದೇನೂ ನನಗೆ ಕಾಣದು.

ಆದರೆ ಬಾಡಿಗೆಗೆ ಕೊಡಲು ಇಷ್ಟೊಂದು ಕೋಣೆಗಳು ಬರಿದಾಗಿ ಸಿಕ್ಕಿದ್ದಾದರೂ ಹೇಗೆ? ಮಕ್ಕಳು ಓದಿ ಬೆಂಗಳೂರಿಗೂ ಅಮೆರಿಕಕ್ಕೂ ಹೋದರು ಎಂಬುದು ಎಲ್ಲರೂ ಕೊಡುವ ಉತ್ತರ. ಅದು ಅರ್ಧ ಮಾತ್ರ. ಈ ಮನೆಗಳ ಗಾತ್ರ ಮನೆಯವರ ತಲೆ ಎಣಿಸಿ ಕಟ್ಟಿದ ಗಾತ್ರವಲ್ಲ, ಅಂಗಳಕ್ಕೆ ಬರುತ್ತಿದ್ದ ಭತ್ತವನ್ನು ನೋಡಿ ಕಟ್ಟಿದ್ದು. ಮನುಷ್ಯರು ಮಲಗುವ ಕೋಣೆಗಿಂತ ಪಣತವೇ ದೊಡ್ಡದಾಗಿರುವ ಮನೆಗಳನ್ನು ನಾನು ನೋಡಿದ್ದೇನೆ. ಆ ಭತ್ತ ಗೇಣಿಯ ಭತ್ತ. ಅದನ್ನು ಅಳೆಯುವ ಕೊಳಗದ ಗಾತ್ರ ಎಷ್ಟಿರಬೇಕೆಂಬ ಜಗಳವೇ ಬೆಳೆದು 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು. ರಾಮಮನೋಹರ ಲೋಹಿಯಾ ದೂರದಿಂದ ಬಂದು ಇಲ್ಲಿ ಸೆರೆಯಾದರು. ಇಪ್ಪತ್ತಮೂರು ವರ್ಷ ಕಳೆದ ಮೇಲೆ, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಉಳುತ್ತಿದ್ದವನು ನಮೂನೆ 7ನ್ನು ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತು ಅದನ್ನು ತನ್ನದಾಗಿಸಿಕೊಳ್ಳಬಹುದಾಯಿತು. ಮರುವರ್ಷದಿಂದ ಪಣತಗಳು ತುಂಬಲಿಲ್ಲ. ರಾಜರ ಕಥೆಯೂ ಸುಮಾರಾಗಿ ಇದೇ. ಅವರ ರಾಜಧನ 1971ರಲ್ಲಿ ರದ್ದಾಯಿತು. ಮೈಸೂರಿನ ಲಲಿತಮಹಲು 1974ರಲ್ಲಿ ಹೋಟಲಾಯಿತು. ಉದಯಪುರದ ಸರೋವರದ ಅರಮನೆಯಂತೂ ಇನ್ನೂ ಮುಂಚೆ, 1963ರಲ್ಲಿಯೇ, ಆ ದಾರಿ ಹಿಡಿದಿತ್ತು.

ಇಂಗ್ಲೆಂಡಿನಲ್ಲಿ ಇದು ನಮಗಿಂತ ಮೊದಲೇ ನಡೆದಿದೆ. ತೆರಿಗೆಯ ಭಾರಕ್ಕೆ ಅಲ್ಲಿನ ಹಳ್ಳಿಗಾಡಿನ ಮಹಾಸೌಧಗಳು ನೂರಾರು ಸಂಖ್ಯೆಯಲ್ಲಿ ಕೆಡವಲ್ಪಟ್ಟವು. 1937ರಲ್ಲಿ ಅವರು ಒಂದು ಉಪಾಯ ಹೂಡಿದರು: ಮನೆಯನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದವರು ಅದರ ಒಂದು ಪಾರ್ಶ್ವದಲ್ಲಿ ಬಾಳಿಕೊಂಡಿರಬಹುದು, ಉಳಿದದ್ದನ್ನು ಜನ ಬಂದು ನೋಡಬಹುದು. 1965ರಲ್ಲಿ ಹುಟ್ಟಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೀಳುವ ಕಟ್ಟಡಗಳನ್ನು ನಿಲ್ಲಿಸಿ ರಜೆಗೆ ಬರುವವರಿಗೆ ಬಾಡಿಗೆಗೆ ಕೊಟ್ಟು, ಆ ಹಣದಿಂದಲೇ ಅವುಗಳನ್ನು ನೋಡಿಕೊಳ್ಳುತ್ತಿದೆ. ವಿನೋದವೆಂದರೆ, ನಮ್ಮಲ್ಲಿ ಗೇಣಿ ಮುಗಿದ ಅದೇ 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅಳಿದುಹೋದ ಮಹಾಸೌಧಗಳನ್ನು ನೆನೆದು ಒಂದು ಪ್ರದರ್ಶನ ನಡೆಯಿತು. ನಮ್ಮ ಹಳ್ಳಿಗಳಲ್ಲಿ ಆ ವರ್ಷ ಅತ್ತವರೂ ಇದ್ದರು, ನಕ್ಕವರೂ ಇದ್ದರು. ಪ್ರದರ್ಶನವನ್ನು ಮಾತ್ರ ಯಾರೂ ಏರ್ಪಡಿಸಲಿಲ್ಲ.

ಕಳೆದ ದಸರೆಯ ರಜೆಯಲ್ಲಿ ಇಂಥ ಒಂದು ಮನೆಯ ಮೂಡು ಮಗ್ಗುಲಿನಲ್ಲಿ ಎರಡು ರಾತ್ರಿ ತಂಗುವ ಯೋಗ ನನಗೆ ಒದಗಿತು. ನನ್ನ ಸಹಪಾಠಿಯೊಬ್ಬನ ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ; ಅವರ ಸಂಸಾರ ಆ ಮಗ್ಗುಲನ್ನು ಹಿಡಿದಿತ್ತು; ದಾರಿ ತಿಳಿದವನೆಂದು ನನ್ನನ್ನೂ ಜತೆಗೆ ಕರೆದರು. ನನ್ನ ಊರು ಅಲ್ಲಿಗೆ ಎರಡೇ ಮೈಲಿ. ಅಷ್ಟು ಹತ್ತಿರವಿದ್ದೂ ಆ ಹೆಬ್ಬಾಗಿಲನ್ನು ನಾನು ದಾಟಿದ್ದು ಅದೇ ಮೊದಲು. ಒಂದು ಕೋಣೆಗೆ ರಾತ್ರಿಯೊಂದಕ್ಕೆ ಮೂರೂವರೆ ಸಾವಿರ ರೂಪಾಯಿ ಎಂದು ಕೇಳಿ ನನಗೆ ನಿದ್ದೆ ಬರುವುದೇ ಅನುಮಾನವೆನಿಸಿತ್ತು. ಆದರೆ ಬಂತು, ಚೆನ್ನಾಗಿಯೇ ಬಂತು. ಸುಖವನ್ನು ಸುಖವೆಂದು ಹೇಳಲು ನನಗೆ ಸಂಕೋಚವಿಲ್ಲ. ಬೆಳಗಿನ ಜಾವ ಮರದ ಜಾಲಂದರದಿಂದ ನೋಡಿದರೆ ಅಡಿಕೆ ತೋಟದ ತಲೆಗಳು ಮಂಜಿನಲ್ಲಿ ಅರ್ಧ ಮುಳುಗಿರುತ್ತಿದ್ದವು. ಕಾಲಿಗೆ ತಣ್ಣಗೆ ತಾಗುವ ಮರದ ಹಲಗೆಯ ನೆಲ. ಹಂಡೆಯ ನೀರಿನಲ್ಲಿ ಸ್ನಾನ, ಆಮೇಲೆ ಬಿಸಿ ಕಡುಬು. ಕಂಬಗಳ ಕೆತ್ತನೆಯನ್ನು ಬೆರಳಿನಿಂದ ಸವರುತ್ತ ನಾನು ಬಹಳ ಹೊತ್ತು ನಿಂತಿದ್ದೇನೆ. ಯಾವ ಆಚಾರಿಯ ಕೈ ಅದು? ಕೇಳಿದರೆ ಮನೆಯಲ್ಲಿ ಯಾರಿಗೂ ತಿಳಿಯದು. ಕಟ್ಟಿಸಿದವರ ಹೆಸರು ಮಾತ್ರ ಏಳು ತಲೆಮಾರಿನವರೆಗೆ ಬಾಯಿಪಾಠವಿದೆ.

ಮನೆಯ ಯಜಮಾನರು ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದವರು, ಸಜ್ಜನರು. ಸಂಜೆ ಜಗಲಿಯಲ್ಲಿ ಕುಳಿತು ಅತಿಥಿಗಳಿಗೆ ಮನೆಯ ಕಥೆ ಹೇಳುವುದು ಅವರ ಪದ್ಧತಿ. ಹಬ್ಬಕ್ಕೆ ನೂರೈವತ್ತು ಎಲೆ ಬೀಳುತ್ತಿದ್ದುದು, ಹುಲಿ ಕೊಟ್ಟಿಗೆಯವರೆಗೆ ಬಂದದ್ದು, ಆಗ ಊರೆಲ್ಲ ಒಂದೇ ಮನೆಯಂತೆ ಇದ್ದದ್ದು. ಬೆಂಗಳೂರಿನ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಜಗಲಿಯ ಮೂಲೆಯಲ್ಲಿ, ಒಣಗಿದ ಹೂವಿನ ಕಡ್ಡಿಗಳನ್ನು ಸಿಕ್ಕಿಸಿ, ಕಬ್ಬಿಣದ ಪಟ್ಟಿಯ ಒಂದು ಕೊಳಗವನ್ನು ಅಂದಕ್ಕೆ ಇಟ್ಟಿದ್ದರು. ಅದು ಏನೆಂದು ಒಂದು ಹುಡುಗಿ ಕೇಳಿದಳು. ಭತ್ತ ಅಳೆಯುವ ಪಾತ್ರೆ ಮಗು, ಎಂದರು. ಅದೂ ನಿಜವೇ.

ಮೂರನೆಯ ದಿನ ಮನೆಗೆ ಹೋದೆ. ನನ್ನ ಅಜ್ಜಿ ಮದುವೆಯಾಗಿ ಬಂದ ಮೊದಲ ಆರು ವರ್ಷ ಆ ಮನೆಯ ಹಿತ್ತಿಲಲ್ಲಿ ಭತ್ತ ಕುಟ್ಟಿದವಳು. ಕೂಲಿಗೆ ನುಚ್ಚು ಸಿಗುತ್ತಿತ್ತು. ಉಪ್ಪರಿಗೆ ಹೇಗಿದೆ ಎಂದು ಆಕೆ ಕೇಳಲಿಲ್ಲ. “ಯಾವ ಬಾಗ್ಲಾಗೆ ಒಳಗೆ ಹೋದ್ಯೋ ತಮ್ಮಾ?” ಎಂದು ಕೇಳಿದಳು. ಹೆಬ್ಬಾಗಿಲಲ್ಲೇ ಎಂದೆ. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನಿದ್ದು, “ಹಿತ್ಲಾಗೆ ಒರಳು ಐತಾ ಇನ್ನೂ?” ಎಂದಳು. ಇದೆ. ಅದರಲ್ಲಿ ಈಗ ನೀರು ತುಂಬಿ ತಾವರೆ ಬಿಟ್ಟಿದ್ದಾರೆ. ಬಂದವರೆಲ್ಲ ಅದರ ಪಕ್ಕ ಕುಳಿತು ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಅಜ್ಜಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟಳು. ಅವಳ ನಗು ಸಿಟ್ಟಿನದೆಂದು ನನಗೆ ತೋರಲಿಲ್ಲ. ಸಿಟ್ಟು ನನ್ನದೇ, ಅದೂ ಒರಳಿನ ಮೇಲಲ್ಲ. ಆ ಮನೆಯ ಕಥೆಯನ್ನು ಎರಡು ಸಂಜೆ ಕೇಳಿದ ಬೆಂಗಳೂರಿನ ಮಕ್ಕಳು, ಅಲ್ಲಿ ಭತ್ತ ತಾನಾಗಿಯೇ ಅಕ್ಕಿಯಾಗುತ್ತಿತ್ತೆಂದು ತಿಳಿದು ಹೋದರಲ್ಲ ಎಂಬುದಕ್ಕೆ.

ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಅಲ್ಲಿಗೆ ಹೋಗಿ, ನಾನು ಯಾರ ಮೊಮ್ಮಗನೆಂದು ಯಜಮಾನರಿಗೆ ತಿಳಿಸಿದೆ. ಅವರು ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ತಾವೇ ಅಟ್ಟ ಹತ್ತಿ, ಧೂಳು ಝಾಡಿಸಿ, ಐದು ಲೆಕ್ಕದ ಪುಸ್ತಕಗಳನ್ನು ತಂದು ಮುಂದಿಟ್ಟರು; ಅವುಗಳ ಕೆಳಗೆ ಇನ್ನೂ ಹಳೆಯ ಕಡತಗಳೂ ಇವೆಯಂತೆ. ಪುಟಕ್ಕೊಂದು ಹೆಸರು, ಗದ್ದೆ ಯಾವುದು, ಗೇಣಿ ಎಷ್ಟು ಖಂಡುಗ, ಸಂದದ್ದೆಷ್ಟು, ಬಾಕಿ ಎಷ್ಟು. ಖಂಡುಗಕ್ಕೆ ಇಪ್ಪತ್ತು ಕೊಳಗ. ಕೊಳಗ ದೊಡ್ಡದಾದರೆ ಬಾಕಿ ತೀರುವುದು ಹೇಗೆ? ನನ್ನ ಮುತ್ತಜ್ಜನ ಹೆಸರು ಪ್ರತಿ ಪುಸ್ತಕದಲ್ಲೂ ಇತ್ತು, ಪ್ರತಿ ವರ್ಷವೂ ಬಾಕಿ ಇತ್ತು. 1968ರ ಪುಟದಲ್ಲಿ ಮಗನ ಮದುವೆಗೆ ಅರವತ್ತು ರೂಪಾಯಿ ಸಾಲ ಎಂದು ಬರೆದಿದೆ. ನನ್ನ ಅಜ್ಜಿ ಆ ಮನೆಗೆ ಬಂದದ್ದು ಹಾಗೆ. ನಮ್ಮ ವಂಶದಲ್ಲಿ ಅಕ್ಷರ ಕಲಿತು ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ಹಿರಿಯರ ಹೆಸರು ಬರೆಹದಲ್ಲಿ ಉಳಿದಿರುವುದು, ನಾನು ಕಂಡಮಟ್ಟಿಗೆ, ಆ ಅಟ್ಟದ ಮೇಲೆ ಮಾತ್ರ.

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. 1974ರ ನಂತರ ಆ ಮನೆಯವರು ಪಟ್ಟ ಪಾಡೂ ಸಣ್ಣದಲ್ಲ. ಯಜಮಾನರ ತಂದೆ ವರ್ಷವರ್ಷವೂ ಸಾಲ ಮಾಡಿ ಹೆಂಚು ಹೊದಿಸಿದರು. ಇವರು ಬ್ಯಾಂಕಿನ ಸಂಬಳವನ್ನು ಇದೇ ಮಾಡಿಗೆ ಸುರಿದಿದ್ದಾರೆ. ಅದನ್ನೂ ಅವರು ಅತಿಥಿಗಳಿಗೆ ಹೇಳುವುದಿಲ್ಲ. ಅವರ ಕಥೆ 1974ಕ್ಕೆ ಮೊದಲೇ ನಿಂತುಬಿಡುತ್ತದೆ. ಹುಲಿ ಕೊಟ್ಟಿಗೆಯವರೆಗೆ ಬಂದು ಅಲ್ಲೇ ನಿಂತಿದೆ.

ದಣಿವಾರಿಸಿಕೊಳ್ಳಲು ಬಂದವರಿಗೆ ಗೇಣಿಯ ಲೆಕ್ಕ ಏತಕ್ಕೆ, ಅವರ ರಜೆ ಕೆಡಿಸಬೇಕೆ, ಎಂದು ನನ್ನ ಮಿತ್ರರೊಬ್ಬರು ವಾದಿಸಿದರು. ಈ ಪ್ರಶ್ನೆ ಇಂಗ್ಲೆಂಡಿನಲ್ಲಿಯೂ ಎದ್ದಿದೆ. 2020ರ ಸೆಪ್ಟೆಂಬರಿನಲ್ಲಿ ನ್ಯಾಷನಲ್ ಟ್ರಸ್ಟು, ತನ್ನ ವಶದಲ್ಲಿರುವ 93 ಸ್ಥಳಗಳಿಗೆ ವಸಾಹತುಗಳ ಹಾಗೂ ಗುಲಾಮಗಿರಿಯ ಹಣದ ನಂಟಿದೆ ಎಂಬ ವರದಿಯನ್ನು ತಾನಾಗಿಯೇ ಪ್ರಕಟಿಸಿತು. ನೆಮ್ಮದಿಗೆ ಬಂದವರನ್ನು ಏಕೆ ಕೆಣಕುತ್ತೀರಿ ಎಂದು ಸಿಡಿದವರು ಅಲ್ಲಿಯೂ ಬಹಳ. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ 2005ರ ಚಲನಚಿತ್ರದಲ್ಲಿ ನೆದರ್‌ಫೀಲ್ಡ್ ಎಂದು ತೋರಿಸಿದ ಸೊಗಸಾದ ಮನೆ ಬಾಸಿಲ್ಡನ್ ಪಾರ್ಕ್, ಅದನ್ನು ಕಟ್ಟಿಸಿದವನು ಈಸ್ಟ್ ಇಂಡಿಯಾ ಕಂಪೆನಿಯ ಚಾಕರಿಯಲ್ಲಿ ಬಂಗಾಳದಲ್ಲಿ ಹಣ ಮಾಡಿದ ಫ್ರಾನ್ಸಿಸ್ ಸೈಕ್ಸ್. ವೇಲ್ಸಿನ ಪೋವಿಸ್ ಕೋಟೆಮನೆಯಲ್ಲಿ ನಮ್ಮ ಟಿಪ್ಪುವಿನ ಡೇರೆಯೇ ಇದೆ. ಅದು ಹೇಗೆ ಅಲ್ಲಿಗೆ ಹೋಯಿತೆಂಬುದನ್ನು ನೋಡಲು ಬಂದವರಿಗೆ ತಿಳಿಸಬೇಕೆಂದು ನಾವು ಇಲ್ಲಿ ಕುಳಿತು ಒತ್ತಾಯಿಸುತ್ತೇವೆ; ಒತ್ತಾಯಿಸಲೂ ಬೇಕು. ಆ ನ್ಯಾಯ ಎರಡು ಮೈಲಿ ದೂರದ ಕೊಳಗಕ್ಕೆ ಏಕೆ ಸಲ್ಲಬಾರದು?

ಹಾಗೆಂದು ಮನೆಯವರು ಅತಿಥಿಗಳ ಮುಂದೆ ಕೈ ಮುಗಿದು ತಪ್ಪೊಪ್ಪಿಕೊಳ್ಳಲಿ ಎಂದು ನಾನು ಹೇಳುತ್ತಿಲ್ಲ. ಅಂಥ ನಾಟಕ ಯಾರಿಗೂ ಬೇಡ. ಕೊಳಗದೊಳಗಿನ ಹೂವನ್ನು ತೆಗೆದು, ಅದರಲ್ಲಿ ಎಷ್ಟು ಸೇರು ಹಿಡಿಯುತ್ತದೆಂದು ಒಂದು ಚೀಟಿ ಅಂಟಿಸಿದರೆ ಸಾಕು. ಒರಳಿನ ಬಳಿ ಭತ್ತ ಕುಟ್ಟಿದವರ ಹೆಸರಿರಲಿ. ಮೂರು ನಾಲ್ಕು ಮಂದಿ ಇನ್ನೂ ಬದುಕಿದ್ದಾರೆ, ಕೇಳಿದರೆ ಹೇಳುತ್ತಾರೆ, ಬೇಕಾದುದಕ್ಕಿಂತ ಹೆಚ್ಚೇ ಹೇಳುತ್ತಾರೆ. ಸಂಜೆಯ ಕಥೆಗೆ ಯಜಮಾನರೊಡನೆ ಊರಿನ ಒಬ್ಬ ಮುದುಕನೋ ಮುದುಕಿಯೋ ಜಗಲಿಯ ಮೇಲೆ, ಮೆಟ್ಟಿಲ ಕೆಳಗಲ್ಲ, ಕುಳಿತು ಮಾತಾಡಲಿ. ಅದಕ್ಕೂ ಬಾಡಿಗೆಯ ಹಣದಲ್ಲಿ ಒಂದು ಪಾಲು ಸಲ್ಲಲಿ. ಈಗ ಊರಿನವರಿಗೆ ಆ ಮನೆಯಲ್ಲಿ ಸಿಗುವ ಕೆಲಸ ಪಾತ್ರೆ ತೊಳೆಯುವುದು ಮತ್ತು ಹಾಸಿಗೆಯ ಬಟ್ಟೆ ಒಗೆಯುವುದು, ಎರಡೇ. ಬಿ.ಎ. ಓದಿದ ನಮ್ಮಂಥವರು ಅತಿಥಿಗಳಿಗೆ ಮನೆ ತೋರಿಸುವ ಕೆಲಸ ಮಾಡಬಹುದಲ್ಲ! ನಾನಂತೂ ಸಿದ್ಧನಿದ್ದೇನೆ.

ಲೆಕ್ಕದ ಪುಸ್ತಕಗಳ ಕೆಲಸಕ್ಕೆ ಮಾತ್ರ ಅವಸರವಿದೆ. ಮೊದಲ ಪುಸ್ತಕದ ಅಂಚನ್ನು ಗೆದ್ದಲು ತಿಂದಾಗಿದೆ. ಅಟ್ಟದ ಆ ಮೂಲೆಯಲ್ಲಿ ಎರಡು ಹೆಂಚುಗಳೂ ಜಾರಿವೆ. ಇತಿಹಾಸ ವಿಭಾಗದ ಗುರುಗಳು ಒಪ್ಪಿದರೆ ಏಪ್ರಿಲ್ ತಿಂಗಳಲ್ಲಿ, ಪರೀಕ್ಷೆ ಮುಗಿದ ವಾರವೇ, ನಾವು ಹತ್ತು ಜನ ಹೋಗಿ ಪುಟಗಳ ಚಿತ್ರ ತೆಗೆದು ಪ್ರತಿ ಮಾಡಬಹುದು. ಯಜಮಾನರು ಒಪ್ಪಿಗೆ ಕೊಟ್ಟಿದ್ದಾರೆ. ಆ ವಾರ ಅತಿಥಿಗಳಿಲ್ಲದಿದ್ದರೆ ಮೂಡು ಮಗ್ಗುಲಿನಲ್ಲಿಯೇ ಬಾಡಿಗೆಯಿಲ್ಲದೆ ಉಳಿಯಿರಿ, ಊಟಕ್ಕೆ ಅಕ್ಕಿ ತನ್ನಿ, ಎಂದಿದ್ದಾರೆ. ಹಳೆಯ ಕಡತಗಳ ಕೈಬರೆಹವನ್ನು ಓದಬಲ್ಲ ಅಧ್ಯಾಪಕರೊಬ್ಬರು ಜತೆಗೆ ಬೇಕು. ಬರುವ ಇಚ್ಛೆಯುಳ್ಳವರು ತಮ್ಮ ಹೆಸರನ್ನು ಗ್ರಂಥಾಲಯದ ಮೇಜಿನ ಮೇಲಿಟ್ಟಿರುವ ಹಾಳೆಯಲ್ಲಿ ಬರೆಯಬೇಕಾಗಿ ಕೋರುತ್ತೇನೆ; ಇದುವರೆಗೆ ನಾಲ್ವರು ಬರೆದಿದ್ದಾರೆ.